ಚಪ್ಪಾಳೆ ಹೊಡೆದು ಕೇಳುವ ಪ್ರಶ್ನೆ

"ಸರ್, ನಾ ಅದನ್ನ ನೋಡಿದ್ದೆ ರೀ. ಹೇಳ್ಲಿಲ್ಲ ಅಷ್ಟ."

ಆಫೀಸಿನ ಕಾಫಿ ಮೆಷಿನ್ ಮುಂದೆ ನಮ್ಮ ಟೀಮಿನ ಹುಡುಗಿ ಇಷ್ಟು ಹೇಳಿ, ಕಪ್ ತಗೊಂಡು ತನ್ನ ಸೀಟಿಗೆ ಹೋದಳು. ನಾನು ಅಲ್ಲೇ ನಿಂತುಬಿಟ್ಟೆ.

ಹಿಂದಿನ ರಾತ್ರಿ ಎರಡು ಗಂಟೆವರೆಗೂ ನಾವೆಲ್ಲ ಒದ್ದಾಡಿದ್ದು ಒಂದೇ ತೊಂದರೆಗೆ. ಕೆಲವು ಗ್ರಾಹಕರ ಖಾತೆಯಿಂದ ಒಂದೇ ಬಿಲ್ಲಿಗೆ ಎರಡು ಸಲ ಹಣ ಕಟ್ ಆಗಿತ್ತು. ಕಾರಣ ನಾನು ಬರೆದ ಕೋಡ್. ಹಣ ಪಾವತಿಯ ರಿಕ್ವೆಸ್ಟ್ ಕಳಿಸು, ಇಷ್ಟು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸು. ಇದರ ಹಿಂದೆ ನಾನು ಬಾಯಿಬಿಟ್ಟು ಹೇಳದೇ ಇದ್ದ ಒಂದು ನಂಬಿಕೆ ಇತ್ತು: ಉತ್ತರ ಬಂದಿಲ್ಲ ಅಂದರೆ ಕೆಲಸ ಆಗಿಲ್ಲ. ಆದರೆ ಕೆಲಸ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದಲ್ವಾ? ಅದು ನನಗೆ ಹೊಳೆಯಲೇ ಇಲ್ಲ. ರಿವ್ಯೂ ಮಾಡಿದ ನಾಲ್ಕು ಜನರಲ್ಲಿ ಯಾರಿಗೂ ಹೊಳೆದಿಲ್ಲ ಅಂದುಕೊಂಡಿದ್ದೆ. ಆಕೆಗೆ ಹೊಳೆದಿತ್ತು. ಕಾಮೆಂಟ್ ಕೂಡ ಟೈಪ್ ಮಾಡಿ ಇಟ್ಟಿದ್ದಳು. ಸಬ್ಮಿಟ್ ಬಟನ್ ಮಾತ್ರ ಒತ್ತಿರಲಿಲ್ಲ.

ಯಾಕೆ ಒತ್ತಲಿಲ್ಲ ಅಂತ ಕೇಳುವ ಅಗತ್ಯ ಇರಲಿಲ್ಲ. ಎರಡು ತಿಂಗಳ ಹಿಂದೆ ಒಂದು ಡಿಸೈನ್ ಮೀಟಿಂಗಿನಲ್ಲಿ ಆಕೆ ಒಂದು ಪ್ರಶ್ನೆ ಕೇಳಿದ್ದಳು. ಉತ್ತರ ನನ್ನ ಡಾಕ್ಯುಮೆಂಟಿನ ಮೂರನೇ ಪುಟದಲ್ಲೇ ಇತ್ತು. "ಓದಿಕೊಂಡು ಬಂದಿದ್ದರೆ ಎಲ್ಲರ ಐದು ನಿಮಿಷ ಉಳೀತಿತ್ತು" ಅಂದೆ. ಹನ್ನೆರಡು ಜನ ಇದ್ದ ರೂಮಿನಲ್ಲಿ ಒಂದಿಬ್ಬರು ನಕ್ಕರು. ಆ ದಿನ ವಿಷಯದಲ್ಲಿ ನಾನೇ ಸರಿ. ಆದ್ದರಿಂದಲೇ ನನಗೆ ಅದು ತಪ್ಪು ಅಂತ ಅನ್ನಿಸಲೂ ಇಲ್ಲ.

ಇದಾದ ಕೆಲವು ದಿನಗಳ ಮೇಲೆ ಊಟಕ್ಕೆ ಒಂದೇ ಟೇಬಲ್ಲಿಗೆ ಬಂದಾಗ ಆಕೆಯೇ ಮಾತು ತೆಗೆದಳು. ಊರು ಹಾನಗಲ್ ಕಡೆ. "ಅಲ್ಲಿಂದ ಮುಂಡಗೋಡದ ಟಿಬೆಟ್ ಕ್ಯಾಂಪ್ ಭಾಳ ದೂರಿಲ್ಲ ರೀ ಸರ್. ಸಣ್ಣಾಕಿ ಇದ್ದಾಗ ಅಪ್ಪಾಜಿ ಜೋಡಿ ಹೋಗಿದ್ದೆ. ಲಾಮಾಗಳು ಒಬ್ಬರ ಮ್ಯಾಲೊಬ್ಬರು ಏರಿ ಹೋಗಿ, ಕೈ ಬಡದು ಒದರ್ಯಾಡ್ತಿದ್ರು. ಜಗಳ ಹತ್ತೇತಿ ಅಂತ ನಾ ಅಂಜಿದ್ದೆ. ಆಮ್ಯಾಲೆ ನೋಡಿದ್ರ ಎಲ್ಲಾರೂ ಕೂಡಿ ನಕ್ಕೋತ ಹೊಂಟಿದ್ರು. ಅಲ್ಲಿ ಪ್ರಶ್ನೆ ಕೇಳಿದವ್ರಿಗೆ ಯಾರೂ ನಗೂದಿಲ್ಲ ರೀ. ಉತ್ತರ ತಪ್ಪಿದವ್ರಿಗೆ ನಗ್ತಾರ."

ಮಾತು ಚುಚ್ಚಿತು. ಆದರೆ ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿಸಿತು. ಬೌದ್ಧ ತತ್ವಶಾಸ್ತ್ರ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಕಣ್ಣುಮುಚ್ಚಿ ಕೂರುವುದು, ಮನಶ್ಶಾಂತಿ, ದೊಡ್ಡನೆಕ್ಕುಂದಿಯ ಕೆಫೆಗಳಲ್ಲಿ ಕ್ಯಾಷ್ ಕೌಂಟರ್ ಪಕ್ಕ ಇಟ್ಟಿರುವ ಬುದ್ಧನ ತಲೆ. ಒದರಾಡುವ, ಕೈ ಬಡಿಯುವ ಬುದ್ಧನ ಶಿಷ್ಯರು ಯಾರು?

ಬಿಳಿ ಶಂಖ ಯಾವ ಬಣ್ಣ?

ಮುಂಡಗೋಡ ದೂರ. ಬೈಲಕುಪ್ಪೆ ನನಗೆ ಹತ್ತಿರ. ಒಂದು ಶನಿವಾರ ಬೆಳಗಿನ ಜಾವ ರಿಂಗ್ ರೋಡ್ ಟ್ರಾಫಿಕ್ ಶುರುವಾಗುವ ಮೊದಲೇ ಬೈಕ್ ತೆಗೆದೆ. ಮೈಸೂರು, ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಕುಶಾಲನಗರಕ್ಕೆ ಮೊದಲೇ ಬೈಲಕುಪ್ಪೆ. ನಮ್ಮಲ್ಲಿ ಹೆಚ್ಚಿನವರು ಹೋಗುವುದು ಅಲ್ಲಿನ ಗೋಲ್ಡನ್ ಟೆಂಪಲ್ಲಿಗೆ, ಅಂದರೆ ನಮ್‌ಡ್ರೋಲಿಂಗ್ ಮಠಕ್ಕೆ. ಫೋಟೋ ತೆಗೆದು, ಮೊಮೊ ತಿಂದು, ಕೊಡಗಿಗೆ ಹೋಗಿಬಿಡುತ್ತೇವೆ. ನಾನೂ ಎರಡು ಸಲ ಹಾಗೇ ಮಾಡಿದವನೇ. ಈ ಸಲ ಅಲ್ಲೇ ಇರುವ ಸೆರಾ ಮಠಕ್ಕೆ ಹೋದೆ.

ಸಂಜೆ. ದೊಡ್ಡ ಅಂಗಳದ ತುಂಬ ಕಡುಗೆಂಪು ಬಟ್ಟೆಯ ಬಿಕ್ಕುಗಳು, ಇಬ್ಬಿಬ್ಬರಾಗಿ. ಒಬ್ಬ ಕೂತಿದ್ದಾನೆ, ಒಬ್ಬ ನಿಂತಿದ್ದಾನೆ. ನಿಂತವನು ಪ್ರಶ್ನೆ ಹಾಕುವವನು. ಒಂದು ವಾಕ್ಯ ಹೇಳಿ, ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈ ಮೇಲೆ ಪಟಾರ್ ಅಂತ ಹೊಡೆಯುತ್ತಾನೆ. ಆ ಸದ್ದು ಕೂತವನಿಗೆ 'ಈಗ ಉತ್ತರ ಹೇಳು' ಅನ್ನುವ ಸೂಚನೆ. ನೂರಾರು ಚಪ್ಪಾಳೆ, ನೂರಾರು ಗಂಟಲು. ನಮ್ಮ ಆಫೀಸಿನ ಓಪನ್ ಪ್ಲಾನ್ ಫ್ಲೋರ್ ಇದರ ಮುಂದೆ ಗ್ರಂಥಾಲಯ.

ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹಿರಿಯ ಬಿಕ್ಕು ನನ್ನ ಮುಖ ನೋಡಿ ನಕ್ಕರು. ಕನ್ನಡ, ಹಿಂದಿ ಬೆರೆಸಿ ಮಾತಾಡಿದರು. "ಆ ಮೂಲೇಲಿ ಚಿಕ್ಕವರು ಇದಾರಲ್ಲ, ಅವರದು ಬಣ್ಣದ ಪಾಠ" ಅಂದರು.

ಬಣ್ಣದ ಪಾಠ ಅಂದರೆ ಡ್ರಾಯಿಂಗ್ ಕ್ಲಾಸ್ ಅಲ್ಲ. ಟಿಬೆಟನ್ ಮಠಗಳಲ್ಲಿ ತತ್ವಶಾಸ್ತ್ರದ ಮೊದಲ ಮೆಟ್ಟಿಲಿಗೆ ದೂದ್ರಾ ಅಂತ ಹೆಸರು. 'ಸಂಗ್ರಹಿಸಿದ ವಿಷಯಗಳು' ಅನ್ನಬಹುದು. ಅದರ ಮೊದಲ ಅಧ್ಯಾಯಗಳಲ್ಲಿ ಬರುವುದು ದೇವರಲ್ಲ, ಮೋಕ್ಷವಲ್ಲ, ಬಣ್ಣ. ಆಟ ಹೀಗೆ.

ಕೂತವನು ಒಂದು ಮಾತು ಒಪ್ಪಿಕೊಂಡಿದ್ದಾನೆ ಅಂತಿಟ್ಟುಕೊಳ್ಳಿ: ಬಣ್ಣ ಆಗಿರುವುದೆಲ್ಲ ಕೆಂಪು. ನಿಂತವನು ಹೇಳುತ್ತಾನೆ: ಬಿಳಿ ಶಂಖದ ಬಣ್ಣ ತಗೋ, ಅದು ಕೆಂಪಾಗಬೇಕು, ಯಾಕಂದ್ರೆ ಅದು ಬಣ್ಣ. ಪಟಾರ್!

ಕೂತವನು ಭಾಷಣ ಮಾಡುವಂತಿಲ್ಲ. 'ನೋಡಿ, ಇದನ್ನ ಬೇರೆ ಕೋನದಿಂದ ನೋಡಬೇಕು' ಅನ್ನುವಂತಿಲ್ಲ. ಅವನಿಗೆ ಇರುವುದು ನಾಲ್ಕೇ ಉತ್ತರ. ಒಂದು: ಒಪ್ಪಿದೆ. ಎರಡು: ಯಾಕೆ? ಮೂರು: ನೀನು ಕೊಟ್ಟ ಕಾರಣ ಸಿದ್ಧವಾಗಿಲ್ಲ. ನಾಲ್ಕು: ವ್ಯಾಪ್ತಿ ಇಲ್ಲ.

ಶಂಖ ಕೆಂಪು ಅಂತ 'ಒಪ್ಪಿದೆ' ಅಂದರೆ ಕಣ್ಣಿಗೆ ಕಾಣುವುದಕ್ಕೇ ವಿರುದ್ಧ. 'ಕಾರಣ ಸಿದ್ಧವಾಗಿಲ್ಲ' ಅಂದರೆ ಬಿಳಿ ಒಂದು ಬಣ್ಣವೇ ಅಲ್ಲ ಅಂದ ಹಾಗಾಯ್ತು. 'ವ್ಯಾಪ್ತಿ ಇಲ್ಲ', ಅಂದರೆ ಬಣ್ಣ ಆದಮಾತ್ರಕ್ಕೆ ಕೆಂಪಾಗಬೇಕಿಲ್ಲ ಅಂದರೆ, ಮೊದಲು ತಾನೇ ಒಪ್ಪಿದ್ದ ಮಾತು ಬಿದ್ದುಹೋಗುತ್ತದೆ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವನು ತನ್ನ ಮೂಲ ಮಾತನ್ನೇ ಬಿಡಬೇಕು. ಬಿಟ್ಟ ಕ್ಷಣ ನಿಂತವನು 'ತ್ಸಾ!' ಅಂತ ಕೂಗುತ್ತಾನೆ. ಸುತ್ತಲಿನವರು ನಗುತ್ತಾರೆ. ಕೂತ ಹುಡುಗನೂ ನಗುತ್ತಾನೆ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ನಿಲ್ಲುತ್ತಾನೆ, ಇವನು ಕೂರುತ್ತಾನೆ.

ನಾನು ನೋಡುತ್ತ ಕೂತೆ. ನಾಲ್ಕನೇ ಉತ್ತರ ತಲೆಯಲ್ಲೇ ಉಳಿಯಿತು. ವ್ಯಾಪ್ತಿ ಅಂದರೆ ಪಿಯುಸಿ ತರ್ಕದ ಹಳೇ ಉದಾಹರಣೆ: ಬೆಟ್ಟದಲ್ಲಿ ಹೊಗೆ ಕಾಣುತ್ತೆ, ಹಾಗಾಗಿ ಬೆಂಕಿ ಇದೆ. ಇದು ನಿಲ್ಲಬೇಕಾದರೆ ಹೊಗೆ ಇದ್ದಲ್ಲೆಲ್ಲ ಬೆಂಕಿ ಇರಲೇಬೇಕು. ಒಂದೇ ಒಂದು ಕಡೆ ಬೆಂಕಿಯಿಲ್ಲದ ಹೊಗೆ ಸಿಕ್ಕರೂ ಮಾತು ಬಿತ್ತು. ನನ್ನ ಕೋಡಿನ ವಾಕ್ಯ ನೆನಪಾಯ್ತು: ಕೆಲಸ ಆಗಿಲ್ಲ, ಯಾಕಂದ್ರೆ ಉತ್ತರ ಬಂದಿಲ್ಲ. ಆ ಮೂಲೆಯ ಹನ್ನೆರಡು ವರ್ಷದ ಹುಡುಗ ಇದಕ್ಕೆ ಏನನ್ನುತ್ತಿದ್ದ?

ವ್ಯಾಪ್ತಿ ಇಲ್ಲ. ಮುಗೀತು. ಎರಡು ಪದ. ಆಕೆ ಟೈಪ್ ಮಾಡಿ ಸಬ್ಮಿಟ್ ಒತ್ತದೇ ಬಿಟ್ಟ ಕಾಮೆಂಟ್ ಅದೇ.

ಕಾಂಚಿಯಿಂದ ಲಾಸಾಗೆ, ಲಾಸಾದಿಂದ ಪಿರಿಯಾಪಟ್ಟಣಕ್ಕೆ

ವಾಪಸ್ ಬಂದಮೇಲೆ ಓದಲು ಶುರುಮಾಡಿದೆ. ಇದೆಲ್ಲ ಟಿಬೆಟಿನಿಂದ ಬಂದ ಸರಕು ಅಂದುಕೊಂಡಿದ್ದೆ. ಅಲ್ಲ, ಇದು ವಾಪಸ್ ಬಂದ ಸರಕು.

ಈ ತರ್ಕದ ಬುಡ ಹಾಕಿದವನು ದಿಙ್ನಾಗ. 5-6ನೇ ಶತಮಾನದವನು, ಕಾಂಚಿ ಸೀಮೆಯವನು ಅಂತ ಪರಂಪರೆ ಹೇಳುತ್ತೆ. ನಮಗೆ ತಿಳಿವು ಬರುವ ದಾರಿ ಎರಡೇ, ಒಂದು ಪ್ರತ್ಯಕ್ಷ, ಇನ್ನೊಂದು ಅನುಮಾನ ಅಂದ. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಾರಣ ಹಿಡಿದು ತಿಳಿಯುವುದು. ಶಾಸ್ತ್ರದಲ್ಲಿ ಹೇಳಿದೆ ಅನ್ನುವುದನ್ನು ಮೂರನೇ ದಾರಿಯಾಗಿ ಪ್ರತ್ಯೇಕ ಇಡಲಿಲ್ಲ. ಅವನ ಪುಸ್ತಕ 'ಪ್ರಮಾಣಸಮುಚ್ಚಯ'. 7ನೇ ಶತಮಾನದಲ್ಲಿ ಧರ್ಮಕೀರ್ತಿ ಅದನ್ನು ವಿಸ್ತರಿಸಿ 'ಪ್ರಮಾಣವಾರ್ತಿಕ' ಬರೆದ. 8ನೇ ಶತಮಾನದಲ್ಲಿ ಶಾಂತರಕ್ಷಿತ, ಅವನ ಶಿಷ್ಯ ಕಮಲಶೀಲ ಟಿಬೆಟಿಗೆ ಹೋದರು. ಮುಂದಿನ ಶತಮಾನಗಳಲ್ಲಿ ಸಂಸ್ಕೃತದ ಗ್ರಂಥಗಳು ಸಾಲುಸಾಲಾಗಿ ಟಿಬೆಟನ್ ಭಾಷೆಗೆ ಹೋದವು. ಇಲ್ಲಿ ನಾಲಂದದಂಥ ವಿಹಾರಗಳು ಅಳಿದವು, ಓಲೆಗಳು ಹೋದವು. ಅಲ್ಲಿ ಪಾಠ ನಿಲ್ಲಲಿಲ್ಲ. 1419ರಲ್ಲಿ ಲಾಸಾದ ಹತ್ತಿರ ಸೆರಾ ಮಠ ಶುರುವಾಯಿತು.

ನಡುವೆ ನಮ್ಮವರೊಬ್ಬರ ಕಥೆ ಇದೆ. ದಿಙ್ನಾಗನ ಪ್ರಮಾಣಸಮುಚ್ಚಯದ ಸಂಸ್ಕೃತ ಮೂಲ ಕಳೆದುಹೋಗಿತ್ತು, ಇದ್ದದ್ದು ಟಿಬೆಟನ್ ಅನುವಾದ. ಮೈಸೂರಿನ ವಿದ್ವಾಂಸ ಎಚ್.ಆರ್. ರಂಗಸ್ವಾಮಿ ಅಯ್ಯಂಗಾರ್ ಆ ಟಿಬೆಟನ್ ಓದಿ, ಪ್ರತ್ಯಕ್ಷದ ಅಧ್ಯಾಯವನ್ನು ತಿರುಗಿ ಸಂಸ್ಕೃತಕ್ಕೆ ಕಟ್ಟಿದರು. ಪುಸ್ತಕ 1930ರಲ್ಲಿ ಮೈಸೂರಿನಲ್ಲೇ ಅಚ್ಚಾಯಿತು. ಬ್ಯಾಕಪ್ಪಿನಿಂದ ರಿಸ್ಟೋರ್ ಮಾಡುವುದು ಅಂತೀವಲ್ಲ, ಅದೇ. ಟಿಬೆಟನ್ ಹಳ್ಳಿ, ಮಠ ಅಂತ ಮೈಸೂರು ಸೀಮೆಯಲ್ಲಿ ಒಂದೂ ಇಲ್ಲದ ಕಾಲ ಅದು.

ಬ್ಯಾಕಪ್ ಇಟ್ಟುಕೊಂಡಿದ್ದವರೇ ಮೂವತ್ತು ವರ್ಷದ ನಂತರ ಮೈಸೂರು ರಾಜ್ಯದ ಬಾಗಿಲಿಗೆ ಬಂದರು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ. ಮಠಗಳ ಬಿಕ್ಕುಗಳಲ್ಲಿ ಹಲವರನ್ನು ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರು ಕೈದಿಗಳನ್ನು ಇಡುತ್ತಿದ್ದ ಹಳೇ ಕೋಟೆಯಲ್ಲಿ ಇರಿಸಿದರು. ಸೆಕೆ, ಕ್ಷಯರೋಗ, ಸಾವು. ಅದರ ನಡುವೆಯೂ ಚರ್ಚೆಯ ಪಾಠ ಬಿಡಲಿಲ್ಲ. 1960ರಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯ ಹತ್ತಿರ ಸುಮಾರು 3000 ಎಕರೆ ಕಾಡುಜಮೀನು ಕೊಟ್ಟಿತು. ಆನೆ ಓಡಿಸುತ್ತ, ಮರ ಕಡಿಯುತ್ತ, ಜೋಳ ಬಿತ್ತುತ್ತ ಊರು ಕಟ್ಟಿದರು. 1970ರಲ್ಲಿ ಸೆರಾ ಮಠ ಅಲ್ಲಿ ಮತ್ತೆ ಶುರುವಾಯಿತು. ಅದೇ ಹೊತ್ತಿಗೆ ಡ್ರೆಪುಂಗ್, ಗಾಂದೆನ್ ಮಠಗಳು ಮುಂಡಗೋಡದಲ್ಲಿ.

ಇವತ್ತು ಅಲ್ಲಿ ಓದುವ ಐದು ಮುಖ್ಯ ವಿಷಯಗಳ ಮೂಲ ಪುಸ್ತಕಗಳೆಲ್ಲ ಭಾರತದವರದೇ. ತರ್ಕಕ್ಕೆ ಧರ್ಮಕೀರ್ತಿ. ಪ್ರಜ್ಞಾಪಾರಮಿತೆಗೆ ಅಭಿಸಮಯಾಲಂಕಾರ. ಶೂನ್ಯತೆಗೆ ಚಂದ್ರಕೀರ್ತಿಯ ಮಧ್ಯಮಕಾವತಾರ. ಮನಸ್ಸು, ಜಗತ್ತುಗಳ ವಿಂಗಡಣೆಗೆ ವಸುಬಂಧುವಿನ ಅಭಿಧರ್ಮಕೋಶ. ಶಿಸ್ತಿಗೆ ಗುಣಪ್ರಭನ ವಿನಯಸೂತ್ರ. ಮುಗಿಸಿ 'ಗೆಶೆ' ಅನ್ನಿಸಿಕೊಳ್ಳಲು ಹದಿನೈದು, ಇಪ್ಪತ್ತು ವರ್ಷ ಬೇಕು. ಅಷ್ಟೂ ವರ್ಷ ದಿನವೂ ಅಂಗಳದಲ್ಲಿ ಕೂತು, ನಿಂತು, ತಪ್ಪಿ, ನಕ್ಕು. ನಾನು ಆರು ವರ್ಷಕ್ಕೆ 'ಸೀನಿಯರ್' ಆದವನು.

ನಾಲ್ಕು ಜನ, ಒಂದು ಕೆರೆ

ಓದುವಾಗ ಮೊದಲು ತಲೆ ಕೆಡಿಸಿದ್ದು ಪಂಥಗಳ ಹೆಸರು. ವೈಭಾಷಿಕ, ಸೌತ್ರಾಂತಿಕ, ಯೋಗಾಚಾರ, ಮಾಧ್ಯಮಿಕ. ಈ ನಾಲ್ಕರ ಪಟ್ಟಿ ಟಿಬೆಟಿನ ಪಠ್ಯಗಳಲ್ಲಷ್ಟೇ ಅಲ್ಲ, 14ನೇ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವ ಬರೆದ 'ಸರ್ವದರ್ಶನಸಂಗ್ರಹ'ದಲ್ಲೂ ಇದೆ. ವೇದಾಂತಿಯೊಬ್ಬ ಬೌದ್ಧರ ವಾದವನ್ನು ಅಷ್ಟು ವಿವರವಾಗಿ ಬರೆದಿಟ್ಟಿದ್ದಾನೆ. ಖಂಡಿಸಬೇಕಾದರೂ ಮೊದಲು ಎದುರಿನವನ ಮಾತನ್ನು ಸರಿಯಾಗಿ ಹೇಳಬೇಕು ಅನ್ನುವ ಮರ್ಯಾದೆ.

ನನಗೆ ಅರ್ಥವಾದ ಹಾಗೆ ಹೇಳ್ತೀನಿ. ನಮ್ಮ ದೊಡ್ಡನೆಕ್ಕುಂದಿ ಕೆರೆಯ ದಂಡೆ ಮೇಲೆ ನಾಲ್ವರು ವಾಕಿಂಗ್ ಬಂದಿದ್ದಾರೆ ಅಂದುಕೊಳ್ಳಿ.

ವೈಭಾಷಿಕ ಹೇಳ್ತಾನೆ: ಕೆರೆ ಅನ್ನೋದು ನಾವು ಇಟ್ಟ ಹೆಸರು. ನೀರು, ಕೆಸರು, ಜೊಂಡು ಒಡೆದುಕೊಂಡು ಹೋದರೆ ಕೊನೆಗೆ ಸಿಗುವ ಕಣಗಳು, ಕ್ಷಣಗಳು ಮಾತ್ರ ನಿಜ.

ಸೌತ್ರಾಂತಿಕ ಹೇಳ್ತಾನೆ: ಹೊರಗಿನ ವಸ್ತು ನಿಜ, ಆದರೆ ಅದು ಕ್ಷಣಕ್ಷಣಕ್ಕೂ ಬೇರೆ. ನಿನಗೆ ಕಾಣುವುದು ಅದು ನಿನ್ನ ಅರಿವಿನಲ್ಲಿ ಬಿಟ್ಟ ರೂಪ. 'ಕೆರೆ' ಅನ್ನುವ ಸಾಮಾನ್ಯ ಪದ ಮನಸ್ಸಿನ ಕೆಲಸ.

ಯೋಗಾಚಾರಿ ಹೇಳ್ತಾನೆ: ಹೊರಗೊಂದು, ಒಳಗೊಂದು ಅಂತ ಎರಡು ಎಲ್ಲಿದೆ? ನೋಡುವುದೂ ನೋಡಿಸಿಕೊಳ್ಳುವುದೂ ಒಂದೇ ಅರಿವಿನ ಎರಡು ಮುಖ.

ಮಾಧ್ಯಮಿಕ ಕೊನೆಗೆ ಹೇಳ್ತಾನೆ: ನೀವು ಮೂವರೂ ಎಲ್ಲೋ ಒಂದು ಕಡೆ ನಿಂತುಬಿಟ್ಟಿರಿ. ಕಣವೂ ಅಷ್ಟೇ, ಮನಸ್ಸೂ ಅಷ್ಟೇ. ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ.

ಈ ಕೊನೆಯವನ ಗುರು ನಾಗಾರ್ಜುನ, ಸುಮಾರು 2ನೇ ಶತಮಾನದವನು. 'ಶೂನ್ಯ' ಅನ್ನುವ ಪದ ನಮಗೆ ಶೂನ್ಯಸಂಪಾದನೆಯಿಂದ, ವಚನಗಳಿಂದ ಪರಿಚಯ. ಆದರೆ ಅಲ್ಲಿಯ ಅರ್ಥವನ್ನು ಇಲ್ಲಿ ತಂದು ಸುರಿಯಬಾರದು, ಅದರ ದಾರಿ ಬೇರೆ. ಸೊನ್ನೆ ಅಂತಲೂ ಓದಬಾರದು. ನಾಗಾರ್ಜುನನ ಶೂನ್ಯತೆ ಅಂದರೆ ಏನೂ ಇಲ್ಲ ಅಂತಲ್ಲ. ಇರುವುದೆಲ್ಲ ಬೇರೆ ಯಾವುದನ್ನೋ ಅವಲಂಬಿಸಿ ಇದೆ ಅಂತ. ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಡಿಪೆಂಡೆನ್ಸಿ ಪಟ್ಟಿ ಇರುತ್ತಲ್ಲ, ಆ ಪಟ್ಟಿ ಖಾಲಿ ಇರುವ ವಸ್ತು ಜಗತ್ತಿನಲ್ಲಿ ಒಂದೂ ಇಲ್ಲ ಅನ್ನುವುದು ಅವನ ಮಾತಿನ ಸಾರ.

ಕಿವಿ ಬಿಸಿಯಾದಾಗ ನೋಡು

ಇಷ್ಟೆಲ್ಲ ಸರಿ, ಆದರೆ ಇದಕ್ಕೂ ಮೀಟಿಂಗ್ ರೂಮಿನಲ್ಲಿ ನಾನು ಆಡಿದ ಮಾತಿಗೂ ಏನು ಸಂಬಂಧ?

ಸಂಬಂಧ ಸಿಕ್ಕಿದ್ದು ರಥದ ವಿಚಾರದಲ್ಲಿ. ಬಿಕ್ಕು ನಾಗಸೇನ ಮಿಲಿಂದ ರಾಜನನ್ನು ಕೇಳಿದ ಹಳೇ ಪ್ರಶ್ನೆ ಅದು. ನೀನು ಬಂದ ರಥ ಯಾವುದು? ಚಕ್ರವೇ? ಅಚ್ಚೇ? ನೊಗವೇ? ಚಂದ್ರಕೀರ್ತಿ ಅದನ್ನೇ ಏಳು ಬಗೆಯಲ್ಲಿ ಹುಡುಕುತ್ತಾನೆ. ಬಿಡಿಭಾಗಗಳೇ ರಥವೇ, ಭಾಗಗಳಿಗಿಂತ ಬೇರೆಯೇ, ಎಲ್ಲ ಸೇರಿದ ರಾಶಿಯೇ, ಆಕಾರವೇ... ಏಳರಲ್ಲೂ ರಥ ಸಿಗುವುದಿಲ್ಲ. ಆದರೂ ರಥ ಓಡುತ್ತದೆ, ರಾಜ ಬಂದು ತಲುಪಿದ್ದಾನೆ. ನನ್ನ ಬೈಕನ್ನು ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿ ಹಾಕಿದ್ದನ್ನು ನೋಡಿದ ದಿನ ನನಗೂ ಹಾಗೇ ಅನ್ನಿಸಿತ್ತು: ಅಲ್ಲ, ನನ್ನ ಬೈಕ್ ಎಲ್ಲಿ?

ಈಗ ಅದೇ ಹುಡುಕಾಟವನ್ನು 'ನಾನು' ಮೇಲೆ ಮಾಡು ಅನ್ನುತ್ತಾರೆ. ದೇಹ, ಸುಖದುಃಖದ ಅನುಭವ, ಗುರುತು ಹಿಡಿಯುವಿಕೆ, ಸಂಸ್ಕಾರ, ಅರಿವು, ಈ ಐದರಲ್ಲಿ ನಾನು ಯಾವುದು? ಸುಮ್ಮನೆ ಕೂತು ಕೇಳಿದರೆ ಇದು ಬರೀ ಒಗಟು. ಆದರೆ ಟಿಬೆಟಿನ ಗುರುಗಳು ಒಂದು ಉಪಾಯ ಹೇಳುತ್ತಾರೆ. ಹುಡುಕುವ ಮೊದಲು ಯಾವುದನ್ನು ಹುಡುಕುತ್ತಿದ್ದೇನೆ ಅಂತ ಗೊತ್ತಿರಬೇಕಲ್ಲ? ಕಳ್ಳನ ಮುಖ ಗೊತ್ತಿಲ್ಲದೆ ಕಳ್ಳನನ್ನು ಹಿಡಿಯೋದು ಹೇಗೆ? ಆ 'ನಾನು' ಸ್ಪಷ್ಟವಾಗಿ ಮುಖ ತೋರಿಸುವ ಹೊತ್ತು ಒಂದಿದೆ. ನಾಲ್ಕು ಜನರ ಮುಂದೆ ಯಾರಾದರೂ ನಿಮ್ಮ ಮೇಲೆ ತಪ್ಪು ಹೊರಿಸಿದಾಗ. 'ನಾನಾ? ನನಗಾ ಹೇಳ್ತಿರೋದು?' ಅಂತ ಎದೆಯೊಳಗೆ ಎದ್ದು ನಿಲ್ಲುತ್ತಲ್ಲ, ಅದು. ದೇಹವನ್ನೂ ಮನಸ್ಸನ್ನೂ ಮೀರಿ, ಯಾರ ಹಂಗೂ ಇಲ್ಲದೆ ಒಬ್ಬನೇ ನಿಂತ ಹಾಗೆ ಕಾಣುವ ಆ ಮನುಷ್ಯ. ಆಗ ನೋಡು, ಅನ್ನುತ್ತಾರೆ.

ಇದನ್ನು ಓದಿದಾಗ ಪುಸ್ತಕ ಮಡಚಿಟ್ಟೆ. ಆ ಮೀಟಿಂಗಿನಲ್ಲಿ ಆಕೆ ಪ್ರಶ್ನೆ ಕೇಳಿದ ಕ್ಷಣ ನನ್ನ ಕಿವಿ ಬಿಸಿಯಾಗಿತ್ತು. ಆಕೆ ಕೇಳಿದ್ದು ಡಿಸೈನ್ ಬಗ್ಗೆ. ನನಗೆ ಕೇಳಿಸಿದ್ದು 'ನೀನು ಸರಿಯಿಲ್ಲ' ಅಂತ. ಡಿಸೈನಿನ ಮೂರನೇ ಪುಟಕ್ಕೂ ನನ್ನ ಮಾನಕ್ಕೂ ಗಂಟು ಹಾಕಿದವರು ಯಾರು? ಹುಡುಕಿದರೆ ಸಿಗುವುದು ಕಿವಿಯ ಬಿಸಿ, ಹಳೇ ಬಾಸ್ ಒಬ್ಬರು ನನಗೆ ಅಂದಿದ್ದ ಮಾತಿನ ನೆನಪು, ಆ ವಾರ ಪ್ರಮೋಷನ್ ಬಗ್ಗೆ ಇದ್ದ ಭಯ, ಸರಿಯಾಗಿ ನಿದ್ದೆ ಇಲ್ಲದ ರಾತ್ರಿ. ಪಟ್ಟಿ ಬೆಳೆಯುತ್ತದೆ. ಅವಮಾನ ಆಯಿತು ಅನ್ನುತ್ತಿದ್ದ ಆ ಗಟ್ಟಿ ಮನುಷ್ಯ ಮಾತ್ರ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಅಂಗಳದ ಆ ಆಟದ ಗುಟ್ಟು ಇಲ್ಲಿದೆ ಅಂತ ನನಗೆ ಅನ್ನಿಸಿತು. ಮೊದಲ ವರ್ಷ ಬಣ್ಣದ ಬಗ್ಗೆ ತಪ್ಪಿ ತಪ್ಪಿ, ನಗಿಸಿಕೊಂಡು, ಮಾತು ಬೇರೆ ಮಾತಾಡಿದವನು ಬೇರೆ ಅಂತ ಮೈಗೆ ಅಭ್ಯಾಸ ಮಾಡಿಸುತ್ತಾರೆ. ಹದಿನೈದು ವರ್ಷದ ನಂತರ 'ನಾನು' ಅನ್ನುವುದನ್ನೇ ಕೈಗೆತ್ತಿಕೊಂಡಾಗ ಆ ಅಭ್ಯಾಸ ಕೆಲಸಕ್ಕೆ ಬರುತ್ತದೆ. ತರ್ಕ ಒಂದು ಸಬ್ಜೆಕ್ಟ್, ಅನಾತ್ಮ ಇನ್ನೊಂದು ಸಬ್ಜೆಕ್ಟ್ ಅಂತ ನಾನು ಓದುತ್ತಿದ್ದೆ. ಅವರಿಗೆ ಅದು ಒಂದೇ ಕೆಲಸ.

ಹಾವಿನ ಬಾಲ

ಇಲ್ಲಿ ನಾನು ಒಂದು ಕಳ್ಳದಾರಿ ಹಿಡಿದೆ ಅಂತ ಒಪ್ಪಿಕೊಳ್ಳಬೇಕು. ಒಂದೆರಡು ವಾರ ನನಗೆ ಬಹಳ ಹಾಯೆನಿಸಿತು. 'ನಾನು' ಅನ್ನೋದೇ ಇಲ್ಲ ಅಂದಮೇಲೆ ಅವತ್ತು ಬೈದವನು ಯಾರು? ಬೈಸಿಕೊಂಡವಳು ಯಾರು? ಎಲ್ಲ ಶೂನ್ಯ, ಬಿಟ್ಟಾಕು. ಕ್ಷಮೆ ಕೇಳುವ ಕಷ್ಟ ತಪ್ಪಿತು.

ನಾಗಾರ್ಜುನ ಇಂಥವರನ್ನು ಮೊದಲೇ ನೋಡಿದ್ದ. ಅವನ ಮೂಲಮಧ್ಯಮಕಕಾರಿಕೆಯ 24ನೇ ಅಧ್ಯಾಯದಲ್ಲಿ ಎದುರಾಳಿಯದೂ ಹೆಚ್ಚುಕಡಿಮೆ ಇದೇ ಪ್ರಶ್ನೆ: ಎಲ್ಲ ಶೂನ್ಯವಾದರೆ ಒಳ್ಳೆಯದು, ಕೆಟ್ಟದ್ದು, ಅದರ ಫಲ ಎಲ್ಲ ಹೋಯಿತಲ್ಲ? ನಾಗಾರ್ಜುನನ ಉತ್ತರ ತಲೆಕೆಳಗು ಮಾಡುತ್ತದೆ. ಶೂನ್ಯವಾದ್ದರಿಂದಲೇ ಎಲ್ಲ ನಡೆಯುತ್ತದೆ. ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ನಿಂತಿರುವ ವಸ್ತು ಬದಲಾಗುವುದಾದರೂ ಹೇಗೆ, ಇನ್ನೊಂದಕ್ಕೆ ತಾಗುವುದಾದರೂ ಹೇಗೆ? ಅವಲಂಬಿಸಿ ಇರುವುದರಿಂದಲೇ ಒಂದು ಮಾತು ಇನ್ನೊಬ್ಬರನ್ನು ಮುಟ್ಟುತ್ತದೆ. ಶೂನ್ಯತೆಯನ್ನು ತಪ್ಪಾಗಿ ತಿಳಿಯುವುದು ಹಾವನ್ನು ತಪ್ಪಾಗಿ ಹಿಡಿದ ಹಾಗೆ ಅಂತಲೂ ಎಚ್ಚರಿಸುತ್ತಾನೆ. ನಾನು ಹಿಡಿದಿದ್ದು ಬಾಲವನ್ನೇ.

ನನ್ನ ಒಂದು ಸಾಲಿನ ವ್ಯಂಗ್ಯದ ಡಿಪೆಂಡೆನ್ಸಿ ಪಟ್ಟಿ ಬರೆದರೆ: ನನ್ನ ಮಾತು, ಇಬ್ಬರ ನಗು, ಆಕೆಯ ಮೌನ, ಒತ್ತದ ಸಬ್ಮಿಟ್ ಬಟನ್, ತಿಂಗಳ ಕೊನೆಯಲ್ಲಿ ಯಾರದೋ ಖಾತೆಯಿಂದ ಎರಡು ಸಲ ಹೋದ ಬಾಡಿಗೆ ಹಣ. ಗಟ್ಟಿ 'ನಾನು' ಎಲ್ಲೂ ಸಿಗದೇ ಇರಬಹುದು. ಈ ಸರಪಳಿ ಮಾತ್ರ ಕಣ್ಣಮುಂದೆ ಇದೆ.

ಯಾರು ನಿಲ್ಲಬಹುದು?

ಆ ಅಂಗಳವನ್ನು ಸ್ವರ್ಗ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ಅಲ್ಲೂ ಎಲ್ಲರಿಗೂ ಇರಲಿಲ್ಲ. ಶತಮಾನಗಳ ಕಾಲ ಈ ದೊಡ್ಡ ಓದು, ಈ ಪದವಿ ಗಂಡಸರದ್ದೇ. ಬಿಕ್ಕುಣಿಯರು ಪೂಜೆ, ಪಾರಾಯಣಗಳಲ್ಲೇ ಇರಬೇಕಿತ್ತು. ಭಾರತಕ್ಕೆ ಬಂದಮೇಲೆ ಅವರ ಮಠಗಳಲ್ಲೂ ಚರ್ಚೆಯ ಪಾಠ ನಿಧಾನವಾಗಿ ಶುರುವಾಯಿತು. 2016ರ ಡಿಸೆಂಬರಿನಲ್ಲಿ 20 ಜನ ಬಿಕ್ಕುಣಿಯರಿಗೆ 'ಗೆಶೆಮಾ' ಪದವಿ ಸಿಕ್ಕಿತು. ದಲೈ ಲಾಮಾ ಅದನ್ನು ಕೊಟ್ಟದ್ದು ಧರ್ಮಶಾಲೆಯಲ್ಲಲ್ಲ, ನಮ್ಮ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ. ಸಾವಿರ ವರ್ಷಕ್ಕೂ ಹೆಚ್ಚು ಹಳೆಯ ಪಾಠಕ್ಕೆ ಹೆಂಗಸರ ಚಪ್ಪಾಳೆ ಸೇರಿದ್ದು ಮೊನ್ನೆ ಮೊನ್ನೆ.

ಇದನ್ನು ಟೀಮಿನ ಹುಡುಗಿಗೆ ಹೇಳಿದೆ. "ಗೊತ್ತೈತ್ರೀ ಸರ್" ಅಂದಳು. ಹಾನಗಲ್‌ನವಳು, ಗೊತ್ತಿರದೇ ಏನು.

ಆಮೇಲೆ ಮಾಡಬೇಕಾದ ಕೆಲಸ ಒಂದು ಉಳಿದಿತ್ತು. ಕಾಫಿ ಮೆಷಿನ್ ಹತ್ತಿರ ಮೆಲ್ಲಗೆ ಸಾರಿ ಹೇಳಿ ಮುಗಿಸೋಣ ಅಂತ ಮನಸ್ಸು ಎಳೆಯಿತು. ಆದರೆ ತಪ್ಪಿದ್ದು ಹನ್ನೆರಡು ಜನರ ಮುಂದೆ. ಮುಂದಿನ ಡಿಸೈನ್ ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಹಾಕುವ ಮೊದಲು ಹೇಳಿದೆ: "ಹೋದ ಸಲ ಇಲ್ಲಿ ಪ್ರಶ್ನೆ ಕೇಳಿದವರನ್ನ ನಾನು ಹಗುರವಾಗಿ ಮಾತಾಡಿದೆ. ತಪ್ಪು ನನ್ನದು. ಅದರ ಬೆಲೆ ಗ್ರಾಹಕರು ಕಟ್ಟಿದರು. ಇವತ್ತು ಈ ಡಾಕ್ಯುಮೆಂಟಿನ ಮೇಲೆ ಮೊದಲ ಪ್ರಶ್ನೆ ಆಕೆಯದು." ರೂಮು ಒಂಥರಾ ನಿಶ್ಶಬ್ದವಾಯಿತು. ಆಕೆ ಮುಜುಗರದಿಂದ ಮೇಜು ನೋಡಿದಳು. ನನಗೂ ಮುಜುಗರ.

ಆಮೇಲೆ ಮೂರು ಪ್ರಶ್ನೆ ಕೇಳಿದಳು. ಮೊದಲನೆಯದಕ್ಕೆ ಉತ್ತರ ಇತ್ತು. ಮೂರನೆಯದಕ್ಕೆ ನಾಳೆ ನೋಡಿ ಹೇಳ್ತೀನಿ ಅಂದೆ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿವಿ ಮತ್ತೆ ಬಿಸಿಯಾಯಿತು. ಇಷ್ಟು ಓದಿದರೂ, ಬೈಲಕುಪ್ಪೆಗೆ ಹೋಗಿ ಬಂದರೂ ಆಗುತ್ತೆ ಸ್ವಾಮಿ, ಮೂರು ತಿಂಗಳ ಓದಿಗೆ ಹೋಗುವ ಬಿಸಿ ಅಲ್ಲ ಅದು. ಒಂದು ವ್ಯತ್ಯಾಸ ಮಾತ್ರ ಇತ್ತು. ಬಿಸಿಯಾಗುತ್ತಿದೆ ಅಂತ ಗೊತ್ತಾಯಿತು. ನಾಲ್ಕು ಉತ್ತರಗಳಲ್ಲಿ ಮೊದಲನೆಯದನ್ನು ಆರಿಸಿಕೊಂಡೆ.

"ಒಪ್ಪಿದೆ" ಅಂದೆ.

ಆಕೆ ಚಪ್ಪಾಳೆ ಹೊಡೆಯಲಿಲ್ಲ. ಆದರೆ ಆ ಸಂಜೆ ನನ್ನ ಕೋಡಿನ ಮೇಲೆ ಆಕೆಯ ಏಳು ಕಾಮೆಂಟ್ ಬಂದಿದ್ದವು. ಎಲ್ಲವೂ ಸಬ್ಮಿಟ್ ಆಗಿದ್ದವು.